ವಿಶ್ವವಿದ್ಯಾಲಯದ ಖರ್ಚೆಲ್ಲ ಸರ್ಕಾರದ್ದೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ವಿವಿ ಅಂದ್ರೆ ಸರ್ಕಾರದ್ದು. ದುಡ್ಡೆಲ್ಲ ಸರ್ಕಾರವೇ ಕೊಡುತ್ತೆ. ಮತ್ತೆ ಪರೀಕ್ಷೆ ಶುಲ್ಕ ಯಾಕೆ? ಎಲ್ಲ ಲೂಟಿ!" ಸೆಮಿಸ್ಟರ್ ಶುಲ್ಕ ಕಟ್ಟುವ ಹೊತ್ತಿಗೆ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ಎಷ್ಟು ನಿಜ?

ಅರ್ಧ ಮಾತ್ರ ನಿಜ.

ಹಣ ಎಲ್ಲಿಂದ ಬರುತ್ತದೆ?

ರಾಜ್ಯದ ವಿಶ್ವವಿದ್ಯಾಲಯಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ರಾಜ್ಯ ಸರ್ಕಾರದ ಅನುದಾನ. ಇದರಲ್ಲಿ ದೊಡ್ಡ ಪಾಲು ಸಂಬಳ, ಪಿಂಚಣಿಗೇ ಹೋಗುತ್ತದೆ. ಎರಡನೆಯದು ಕೇಂದ್ರದ ಹಣ. ಯುಜಿಸಿ ಅನುದಾನ ಸಿಗಬೇಕಾದರೆ 12ಬಿ ಮಾನ್ಯತೆ ಬೇಕು. 2013ರಲ್ಲಿ ಶುರುವಾದ ರೂಸಾ ಯೋಜನೆಯಲ್ಲಿ ಕೇಂದ್ರ 60, ರಾಜ್ಯ 40ರ ಪಾಲು ಹಾಕುತ್ತವೆ. ಅದೇ ಯೋಜನೆ ಈಗ ಪಿಎಂ-ಉಷಾ ಎಂಬ ಹೆಸರಿನಲ್ಲಿದೆ. ಮೂರನೆಯದು ಸ್ವಂತ ಆದಾಯ: ಕಾಲೇಜುಗಳ ಸಂಯೋಜನೆ ಶುಲ್ಕ, ಪ್ರವೇಶ, ಪರೀಕ್ಷೆ, ಅಂಕಪಟ್ಟಿ, ಘಟಿಕೋತ್ಸವದ ಶುಲ್ಕ.

ಅಂದರೆ ಸುರಪುರ ತಾಲ್ಲೂಕಿನ ದೇವಾಪುರದ ಹುಡುಗಿಯೊಬ್ಬಳು ಡಿಗ್ರಿಗೆ ಸೇರಿ ಕಟ್ಟುವ ಪರೀಕ್ಷೆ ಶುಲ್ಕವೂ ವಿವಿಯ ದಿನದ ಖರ್ಚಿಗೆ ಆಧಾರ.

ವಿವಿ ಒಡೆದರೆ ಏನಾಗುತ್ತದೆ?

ನಮ್ಮ ಭಾಗದ ಕಥೆಯನ್ನೇ ನೋಡಿ. ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. 2010ರಲ್ಲಿ ಬಳ್ಳಾರಿಗೆ ಬೇರೆ ವಿವಿ ಆಯಿತು. ಆಮೇಲೆ ರಾಯಚೂರು, ಯಾದಗಿರಿ ಜಿಲ್ಲೆಗಳ ಕಾಲೇಜುಗಳು ರಾಯಚೂರು ವಿವಿಗೆ ಸೇರಿದವು. ಅದಕ್ಕೀಗ ಮಹರ್ಷಿ ವಾಲ್ಮೀಕಿ ಹೆಸರಿದೆ. ಬೀದರ್‌ಗೂ ಪ್ರತ್ಯೇಕ ವಿವಿ ಬಂತು.

ವಿವಿ ಹತ್ತಿರ ಬಂದರೆ ಮಕ್ಕಳಿಗೆ ಓಡಾಟ ಕಡಿಮೆ. ಆದರೆ ಪ್ರತಿ ಸಲ ಒಡೆದಾಗಲೂ ಶುಲ್ಕ ಕಟ್ಟುವ ಕಾಲೇಜುಗಳು ಹೊರಹೋಗುತ್ತವೆ. ಕಟ್ಟಡ, ನೌಕರರು, ಪಿಂಚಣಿಯ ಹೊರೆ ಹಳೆಯ ವಿವಿಯಲ್ಲೇ ಉಳಿಯುತ್ತದೆ. 1916ರ ಮೈಸೂರು ವಿಶ್ವವಿದ್ಯಾಲಯಕ್ಕೂ ಪಿಂಚಣಿ ಕೊಡುವುದು ಕಷ್ಟವಾಗಿದೆ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯೊಂದು ಹತ್ತು ಹೊಸ ವಿವಿಗಳ ಪೈಕಿ ಒಂಬತ್ತನ್ನು ಮುಚ್ಚುವ ಮಾತಾಡಿದ್ದಕ್ಕೂ ಹಣದ ಕೊರತೆಯೇ ಮುಖ್ಯ ಕಾರಣ. ಬೀದರ್ ಮಾತ್ರ ಉಳಿಯುವ ಪಟ್ಟಿಯಲ್ಲಿತ್ತು. ರಾಯಚೂರು ಆ ಹತ್ತರಲ್ಲಿ ಇರಲಿಲ್ಲ. ಹಾಗಾಗಿ "ನಮ್ಮ ವಿವಿಯೂ ಮುಚ್ಚುತ್ತಂತೆ" ಎಂಬ ಸಂದೇಶ ಬಂದರೆ ನಂಬಬೇಡಿ.

ಓದಿನ ಮೇಲೆ ಪರಿಣಾಮ ಏನು?

ಶುಲ್ಕವೇ ಆಧಾರವಾದಾಗ ವಿವಿ ಮೆಲ್ಲಗೆ ಪರೀಕ್ಷಾ ಮಂಡಳಿಯಂತಾಗುತ್ತದೆ. ಅರ್ಜಿ, ಪರೀಕ್ಷೆ, ಮೌಲ್ಯಮಾಪನದಲ್ಲೇ ವರ್ಷ ಕಳೆಯುತ್ತದೆ. ಕಾಯಂ ಹುದ್ದೆ ತುಂಬಲು ಹಣವಿಲ್ಲದೆ ಅತಿಥಿ ಉಪನ್ಯಾಸಕರೇ ಪಾಠ ನಡೆಸಬೇಕಾಗುತ್ತದೆ. ಕಾಯಂ ಅಧ್ಯಾಪಕರು ಕಡಿಮೆಯಾದರೆ ಸಂಶೋಧನೆ ಕಡಿಮೆ. ಅದರಿಂದ ನ್ಯಾಕ್ ಶ್ರೇಣಿಯೂ ಇಳಿಯಬಹುದು. ಶ್ರೇಣಿ ಇಳಿದರೆ ಕೇಂದ್ರದ ಹಣ ಸಿಗುವುದು ಇನ್ನೂ ಕಷ್ಟ. ಹಣ ಇದ್ದವರಿಗೇ ಹಣ ಬರುವ ಚಕ್ರ ಇದು.

ಹಾಗಾದರೆ ದುಡ್ಡು ಸುರಿದರೆ ಸಾಕೇ? ಸಾಲದು. ಕಟ್ಟಡಕ್ಕೆಂದು ಬಂದ ಹಣದಲ್ಲಿ ಮೇಷ್ಟ್ರನ್ನು ನೇಮಿಸಲು ಆಗುವುದಿಲ್ಲ. ಹಣ ಎಷ್ಟು ಬಂತು ಎನ್ನುವಷ್ಟೇ ಮುಖ್ಯ, ಅದು ಯಾವುದಕ್ಕೆ ಬಂತು, ಪ್ರತಿ ವರ್ಷ ಬರುತ್ತದೆಯೇ ಎನ್ನುವುದು.

ನಾವೇನು ಮಾಡಬಹುದು?

ಅವ್ಯವಹಾರ ಎಲ್ಲೂ ಇಲ್ಲ ಎಂದು ನಾವು ಹೇಳುತ್ತಿಲ್ಲ. ಶುಲ್ಕ ಕಟ್ಟುವವರಿಗೆ ಲೆಕ್ಕ ಕೇಳುವ ಹಕ್ಕಿದೆ. ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ ಮೂರು ಪ್ರಶ್ನೆ ಕೇಳಿ: ಪರೀಕ್ಷಾ ಶುಲ್ಕದಿಂದ ಎಷ್ಟು ಬಂತು? ಪರೀಕ್ಷೆಗೆ ಎಷ್ಟು ಖರ್ಚಾಯಿತು? ಎಷ್ಟು ಬೋಧಕ ಹುದ್ದೆ ಖಾಲಿ ಇವೆ? ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು.

"ಎಲ್ಲ ಲೂಟಿ" ಎಂದು ನೂರು ಜನರಿಗೆ ಕಳಿಸುವ ಬದಲು ಆ ಉತ್ತರವನ್ನು ಗುಂಪಿಗೆ ಹಾಕಿ. ಲೂಟಿ ಆಗಿದ್ದರೆ ಅದರಲ್ಲೇ ಸುಳಿವು ಸಿಗುತ್ತದೆ, ಆಗಿರದಿದ್ದರೆ ಅದೂ ಗೊತ್ತಾಗುತ್ತದೆ.