ಉರುಳಿದ ಮರದಿಂದ ಬಿಲ್ಲು: ನಾವು ಕೆಡಿಸಿದ್ದು, ಆಮೇಲೆ ಕಲಿತದ್ದು

ಕಳೆದ ಡಿಸೆಂಬರಿನಲ್ಲಿ, ಪರೀಕ್ಷೆ ಮುಗಿದ ಮಾರನೇ ದಿನವೇ, ನಾವು ಐದು ಜನ ಶಿಡ್ಲಘಟ್ಟದ ಹತ್ತಿರ ಇರುವ ಗೆಳೆಯನ ಊರಿಗೆ ಹೊರಟೆವು. ಮೂವರು ಮೆಕ್ಯಾನಿಕಲ್, ಇಬ್ಬರು ಸಿವಿಲ್. ಗೆಳೆಯನ ಮನೆಯವರು ರೇಷ್ಮೆ ಬೆಳೆಯೋರು. ತೋಟದ ಬದುವಿನಲ್ಲಿ ಅವನ ತಾತ ನೆಟ್ಟಿದ್ದ ಹಳೇ ಹಿಪ್ಪುನೇರಳೆ ಮರ ಹೊಸ ಪೈಪ್‌ಲೈನಿಗೆ ಅಡ್ಡ ಬರುತ್ತೆ ಅಂತ ಅದೇ ವಾರ ಕಡಿಸಿದ್ದರು. ಕಾಂಡ ಎರಡು ತುಂಡಾಗಿ ಬಿದ್ದಿತ್ತು. ಒಂದೊಂದೂ ಆರಡಿಗಿಂತ ಉದ್ದ, ನೆಟ್ಟಗೆ, ಗಂಟು ಕಡಿಮೆ. ಅಜ್ಜಿ ಅದನ್ನು ಬಚ್ಚಲ ಒಲೆಗೆ ಅಂತ ಆಗಲೇ ಲೆಕ್ಕ ಹಾಕಿಟ್ಟಿದ್ದರು. "ಅಜ್ಜಿ, ಇದ್ರಲ್ಲಿ ಬಿಲ್ಲು ಮಾಡ್ತೀವಿ" ಅಂದೆವು. ಅಜ್ಜಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಮಾಡ್ಕೊಳ್ರಪ್ಪ" ಅಂದರು.

ಒಂದು ತುಂಡನ್ನು ಕೊಡಲಿಯಿಂದ ಸೀಳಿ, ಬೇಗ ಒಣಗಲಿ ಅಂತ ತಾರಸಿಯ ಮೇಲೆ ಬಿಸಿಲಿಗೆ ಇಟ್ಟು ಬಂದೆವು. ಸಂಕ್ರಾಂತಿಗೆ ಹೋಗಿ ನೋಡಿದರೆ ಎರಡು ತುದಿಯಿಂದಲೂ ಬಿರುಕು. ಒಂದು ಬಿರುಕಿನಲ್ಲಂತೂ ಐದು ರೂಪಾಯಿ ನಾಣ್ಯ ನಿಲ್ಲುತ್ತಿತ್ತು. ಅಜ್ಜಿ ಬೈಯಲಿಲ್ಲ. "ಬಿಲ್ಲೂ ಆಗ್ಲಿಲ್ಲ, ನನ್ನ ಒಲೆಗೂ ಬಿಡ್ಲಿಲ್ಲ" ಅಂದರು ಅಷ್ಟೇ. ಅದು ಬೈಗುಳಕ್ಕಿಂತ ಜಾಸ್ತಿ ತಾಗಿತು. ಉಳಿದದ್ದು ಒಂದೇ ತುಂಡು. ಅದನ್ನೂ ಕೆಡಿಸಬಾರದು ಅಂತ ಆಮೇಲೆ ಕೂತು ಓದಿದೆವು. ಈ ಲೇಖನ ಆ ಓದಿನ ಫಲ.

ಮೊದಲಿಗೆ, ಹಿಪ್ಪುನೇರಳೆಯೇ ಯಾಕೆ ಅಂತ ಕೇಳಬಹುದು. ನಮ್ಮ ತಲೆಯಲ್ಲಿ ಇದ್ದದ್ದು ಅದರ ದಾಯಾದಿ ಮರ. ಅಮೆರಿಕದ ಟೆಕ್ಸಾಸ್, ಒಕ್ಲಹೋಮ, ಅರ್ಕನ್ಸಾ ಸೀಮೆಯಲ್ಲಿ ಹುಟ್ಟಿದ ಒಸೇಜ್ ಆರೆಂಜ್ ಅನ್ನೋ ಮರ ಇದೆ. ಹೆಸರಲ್ಲಿ ಕಿತ್ತಳೆ ಇದ್ದರೂ ಕಿತ್ತಳೆಗೂ ಅದಕ್ಕೂ ಸಂಬಂಧ ಇಲ್ಲ. ಹಲಸು, ಆಲ, ಅಂಜೂರ, ಹಿಪ್ಪುನೇರಳೆ ಎಲ್ಲ ಸೇರುವ ಕುಟುಂಬದ್ದೇ ಅದು. ಕಾಯಿ ಕಿತ್ತರೆ ಹಲಸಿನ ಹಾಗೆ ಬಿಳಿ ಹಾಲು ಸುರಿಯುತ್ತೆ. 19ನೇ ಶತಮಾನದಲ್ಲಿ ಅಲ್ಲಿನವರು ಇದರ ಎಲೆಯನ್ನು ರೇಷ್ಮೆಹುಳುವಿಗೆ ತಿನ್ನಿಸಿಯೂ ನೋಡಿದ್ದರು. ಫ್ರೆಂಚರು ಇದನ್ನು 'ಬ್ವಾ ದಾರ್ಕ್' ಅಂದರು, ಅಂದರೆ ಬಿಲ್ಲಿನ ಮರ. ಟೆಕ್ಸಾಸಿನ ಹಳ್ಳಿಗರ ಬಾಯಲ್ಲಿ ಅದು 'ಬೋಡಾರ್ಕ್' ಆಯಿತು. ಒಸೇಜ್ ಮತ್ತಿತರ ಮೂಲನಿವಾಸಿಗಳು ಇದರಿಂದ ಬಿಲ್ಲು ಮಾಡುತ್ತಿದ್ದರು. ಜಾನ್ ಬ್ರಾಡ್‌ಬರಿ ಎಂಬ ಸಸ್ಯಶಾಸ್ತ್ರಜ್ಞ 1810ರ ಸುಮಾರಿಗೆ ಮಿಸೌರಿ ನದಿಯ ಮೇಲ್ಭಾಗಕ್ಕೆ ಹೋದಾಗ, ಆ ಮರ ಬೆಳೆಯುವ ಜಾಗದಿಂದ ಎಷ್ಟೋ ದೂರದ ಅರಿಕಾರ ಜನರ ಊರಿನಲ್ಲಿ ಇಂಥ ಒಂದು ಬಿಲ್ಲಿಗೆ ಒಂದು ಕುದುರೆ ಮತ್ತು ಒಂದು ಕಂಬಳಿ ಬೆಲೆ ಇತ್ತು ಅಂತ ಬರೆದಿಟ್ಟಿದ್ದಾರೆ.

ಅಷ್ಟು ಬೆಲೆಯ ಮರ ಈಗ ರಾಶಿ ಹಾಕಿ ಸುಡುವ ಮರವಾಗಿದೆ. ಅದಕ್ಕೂ ಒಂದು ಕಥೆ ಇದೆ. 19ನೇ ಶತಮಾನದ ನಡುವೆ ಇಲಿನಾಯ್, ಕಾನ್ಸಾಸ್ ಕಡೆಯ ಬಯಲು ಹೊಲಗಳಿಗೆ ಬೇಲಿ ಹಾಕಲು ಮರವೂ ಇರಲಿಲ್ಲ, ಕಲ್ಲೂ ಇರಲಿಲ್ಲ. ರೈತರು ಮುಳ್ಳಿರುವ ಈ ಗಿಡವನ್ನು ಸಾಲಾಗಿ ನೆಟ್ಟು ಜೀವಂತ ಬೇಲಿ ಬೆಳೆಸಿದರು. ಕುದುರೆ ಹಾರಬಾರದು, ಗೂಳಿ ನುಗ್ಗಬಾರದು, ಹಂದಿ ನುಸುಳಬಾರದು, ಅದು ಒಳ್ಳೆ ಬೇಲಿಯ ಲಕ್ಷಣ. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಜೀವಂತ ಬೇಲಿಯ ಕೆಲಸ ಮುಗಿಯಿತು. ಆದರೆ ತಂತಿ ಕಟ್ಟಲು ಕಂಬ ಬೇಕಲ್ಲ, ಅದಕ್ಕೂ ಇದೇ ಮರ. ಮಣ್ಣಲ್ಲಿ ಹೂತರೂ ದಶಕಗಟ್ಟಲೆ ಕೊಳೆಯದು. 1930ರ ದಶಕದಲ್ಲಿ ಧೂಳಿನ ಬಿರುಗಾಳಿ ಎದ್ದಾಗ ರೂಸ್‌ವೆಲ್ಟ್ ಸರ್ಕಾರ ಗಾಳಿತಡೆ ಸಾಲುಗಳನ್ನು ನೆಡಿಸಿತು. 1942ರ ಹೊತ್ತಿಗೆ ಸುಮಾರು 22 ಕೋಟಿ ಗಿಡ ನೆಟ್ಟಾಗಿತ್ತು, ಅದರಲ್ಲಿ ಇದೂ ಒಂದು ಜಾತಿ. ಈಗ ಹೊಲಗಳು ದೊಡ್ಡದಾಗಿವೆ, ಯಂತ್ರಗಳು ಇನ್ನೂ ದೊಡ್ಡದಾಗಿವೆ. ಸಾಲು ಮರ ಅಡ್ಡ ಅಂತ ಬುಲ್ಡೋಜರ್ ಹಾಕಿ ಉರುಳಿಸಿ ಬೆಂಕಿ ಇಡುತ್ತಾರೆ. ಆ ಬೆಂಕಿಗೆ ಮುಂಚೆ ಗರಗಸ ಹಿಡಿದು ಹೋಗಿ, ರೈತನನ್ನು ಕೇಳಿಕೊಂಡು, ನಾಲ್ಕು ನೆಟ್ಟನೆ ಕಾಂಡ ಹೊತ್ತು ತರುವವರೇ ಅಲ್ಲಿ ಮರದ ಬಿಲ್ಲು ಮಾಡುವ ಹವ್ಯಾಸಿಗಳು. ಪೈಪ್‌ಲೈನಿಗೆ ಅಡ್ಡ ಬಂದ ನಮ್ಮ ಹಿಪ್ಪುನೇರಳೆಯ ಕಥೆಯೂ ಬಹುತೇಕ ಇದೇ ಅಲ್ವಾ?

ಮೊದಲ ದಿನದ ಕೆಲಸ

ನಾವು ತಪ್ಪಿದ್ದು ಇಲ್ಲೇ. ಕಡಿದ ಮರವನ್ನು 'ಆಮೇಲೆ ನೋಡೋಣ' ಅಂತ ಬಿಡೋ ಹಾಗಿಲ್ಲ. ನೀರು ಕಾಂಡದ ಉದ್ದಕ್ಕೂ ಓಡಾಡಲೆಂದೇ ಮರದ ನಾಳಗಳು ಇರುವುದು. ಹಾಗಾಗಿ ಕೊಯ್ದ ತುದಿಯಿಂದ ತೇವ ಹೊರಗೆ ಹೋಗುವ ವೇಗ ಪಕ್ಕದಿಂದ ಹೋಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತೇವಾಂಶ ಶೇಕಡಾ 30ರ ಹತ್ತಿರ ಇಳಿಯೋವರೆಗೆ ಮರ ಕುಗ್ಗುವುದಿಲ್ಲ. ಅದರ ಕೆಳಗೆ ಇಳಿದಾಗ ಕುಗ್ಗಲು ಶುರು. ತುದಿ ಒಣಗಿ ಕುಗ್ಗುತ್ತಿರುತ್ತೆ, ನಡುಭಾಗ ಇನ್ನೂ ಹಸಿ, ಅದು ಜಪ್ಪಯ್ಯ ಅನ್ನಲ್ಲ. ಇದರ ಜೊತೆ ಇನ್ನೊಂದು ತಂಟೆ. ಮರ ಉಂಗುರದ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು ತ್ರಿಜ್ಯದ ದಿಕ್ಕಿನಲ್ಲಿ ಕುಗ್ಗುವುದರ ಸುಮಾರು ಎರಡರಷ್ಟು. ಲೆಕ್ಕ ಹೊಂದಲ್ಲ. ಹೊಂದದ ಲೆಕ್ಕ ತೊಗಟೆಯಿಂದ ನಡುವಿನ ಕಡೆಗೆ ಬಿರುಕಾಗಿ ಹೊರಗೆ ಬರುತ್ತೆ. ನಾವು ಇದರ ಮೇಲೆ ಡಿಸೆಂಬರಿನ ಒಣಗಾಳಿ, ತಾರಸಿಯ ಬಿಸಿಲು ಎರಡನ್ನೂ ಉಚಿತವಾಗಿ ಕೊಟ್ಟಿದ್ದೆವು.

ಮದ್ದು ಬಹಳ ಸುಲಭ. ಕೊಯ್ದ ಅರ್ಧ ಗಂಟೆಯೊಳಗೆ ಎರಡೂ ತುದಿಗೆ ದಪ್ಪಗೆ ಏನಾದರೂ ಬಳಿಯಬೇಕು. ಹಳೇ ಪೇಂಟ್, ಬಡಗಿಗಳು ಬಳಸೋ ಬಿಳಿ ಅಂಟು, ಕರಗಿಸಿದ ಮೇಣ, ಯಾವುದಾದರೂ ಸರಿ. ಐವತ್ತು ರೂಪಾಯಿಯ ಅಂಟು ಆ ಮೊದಲ ತುಂಡನ್ನು ಉಳಿಸುತ್ತಿತ್ತು.

ಎರಡನೇ ತುಂಡು ಹೇಗೆ ಉಳಿಯಿತು ಅಂತೀರಾ? ನಮ್ಮ ಜಾಣತನದಿಂದ ಅಲ್ಲ. ಅದು ದನದ ಕೊಟ್ಟಿಗೆಯ ಹಿಂದೆ ನೆರಳಲ್ಲಿ ಬಿದ್ದಿತ್ತು, ಒಂದು ತುದಿ ಬಚ್ಚಲ ನೀರು ಹರಿಯೋ ಕಾಲುವೆಯ ಕೆಸರಿಗೆ ತಾಗಿಕೊಂಡಿತ್ತು. ಇನ್ನೊಂದು ತುದಿ ನಾಲ್ಕಿಂಚು ಮಾತ್ರ ಬಿರಿದಿತ್ತು, ಅಷ್ಟನ್ನು ಕೊಯ್ದು ಹಾಕಿದೆವು. ಹಾಗಂತ ಕೆಸರಲ್ಲಿ ಇಡೋದು ಉಪಾಯ ಅಂದುಕೊಳ್ಳಬೇಡಿ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಗೆದ್ದಲೋ ಬೂಷ್ಟೋ ಅದರ ಮೇಲೆ ಹಕ್ಕು ಸಾಧಿಸುತ್ತಿತ್ತು.

ಸೀಳೋದು, ಕೊಯ್ಯೋದಲ್ಲ

ಕಾಂಡವನ್ನು ಮಿಲ್ಲಿಗೆ ಹಾಕಿ ಹಲಗೆ ಮಾಡಿಸಿದರೆ ಕೆಲಸ ಸಲೀಸು ಅಂತ ನಮಗೂ ಅನಿಸಿತ್ತು. ಆದರೆ ಗರಗಸಕ್ಕೆ ಮರದ ನಾರು ಎಲ್ಲಿ ಓಡಿದೆ ಅಂತ ಗೊತ್ತಿಲ್ಲ, ಅದು ನೇರ ಗೆರೆಯಲ್ಲಿ ಹೋಗಿ ನಾರನ್ನು ಅಡ್ಡ ಕತ್ತರಿಸುತ್ತೆ. ಕಬ್ಬಿಣದ ಬೆಣೆ ಹೊಡೆದರೆ ಮರ ತಾನೇ ತನ್ನ ನಾರಿನ ಗುಂಟ ಬಿಟ್ಟುಕೊಳ್ಳುತ್ತೆ. ಅದಕ್ಕೆ ಮುಂಚೆ ತೊಗಟೆಯ ಗೆರೆಗಳನ್ನು ನೋಡಬೇಕು. ಗೆರೆಗಳು ಕಾಂಡವನ್ನು ಸುತ್ತಿಕೊಂಡು ಹೋಗಿದ್ದರೆ ಒಳಗಿನ ನಾರೂ ತಿರುಚಿದೆ ಅಂತ ಅರ್ಥ. ಅಂಥದ್ದನ್ನು ಒಲೆಗೇ ಬಿಡಿ.

ಬಿಲ್ಲಿನಲ್ಲಿ ನಾರಿಗೆ ಯಾಕಿಷ್ಟು ಮರ್ಯಾದೆ ಅನ್ನೋದು ಮೂರನೇ ಸೆಮಿಸ್ಟರ್ ಪಾಠವೇ. ಬಿಲ್ಲು ಅಂದರೆ ಬಾಗುವ ತೊಲೆ. ಗುರಿಯ ಕಡೆ ಇರುವ ಮುಖವನ್ನು ಬೆನ್ನು ಅನ್ನೋಣ, ನಮ್ಮ ಕಡೆಯದ್ದು ಹೊಟ್ಟೆ. ಎಳೆದಾಗ ಬೆನ್ನು ಹಿಗ್ಗುತ್ತೆ, ಹೊಟ್ಟೆ ಕುಗ್ಗುತ್ತೆ, ನಡುವೆ ಎರಡೂ ಇಲ್ಲದ ತಟಸ್ಥ ಪದರ. ದೋಷವಿಲ್ಲದ ಒಣಮರ ನಾರಿನ ಉದ್ದಕ್ಕೆ ಹಿಗ್ಗುವ ಬಲವನ್ನು ಕುಗ್ಗುವ ಬಲಕ್ಕಿಂತ ಚೆನ್ನಾಗಿ ತಡೆಯುತ್ತೆ. ಆದರೆ ಬೆನ್ನಿನ ಮೇಲೆ ಒಂದು ನಾರು ತುಂಡಾಗಿದ್ದರೆ ಆ ತುದಿಯಿಂದ ಚಕ್ಕೆ ಏಳುತ್ತೆ, ಚಕ್ಕೆ ಎದ್ದ ಬಿಲ್ಲು ಮುರಿಯಲು ಕ್ಷಣ ಸಾಕು. 40 ಪೌಂಡ್ ಬಿಲ್ಲನ್ನು ಪೂರ್ತಿ ಎಳೆದರೆ ಅದರಲ್ಲಿ ಸುಮಾರು 50 ಜೂಲ್ ಶಕ್ತಿ ಕೂತಿರುತ್ತೆ, ಅಂದರೆ ಒಂದು ಕೆಜಿ ಕಲ್ಲು ಐದು ಮೀಟರ್ ಮೇಲಿಂದ ಬಿದ್ದ ಹಾಗೆ. ಮುರಿದಾಗ ಅದಿಷ್ಟೂ ನಮ್ಮ ಮುಖದ ಹತ್ತಿರ ಬಿಡುಗಡೆ ಆಗುತ್ತೆ.

ಹಾಗಾಗಿ ಒಸೇಜ್ ಮರದವರು ಮಾಡುವ ಕೆಲಸ ನೋಡಿದರೆ ಅವರ ತಾಳ್ಮೆಗೆ ಕೈಮುಗಿಯಬೇಕು. ತೊಗಟೆ ತೆಗೆದು, ಹೊರಗಿನ ಬಿಳಿ ಮರ ತೆಗೆದು, ಹಳದಿ ಕೆಚ್ಚಿಗೆ ಬರುತ್ತಾರೆ. (ಕೆಚ್ಚೆದೆ ಅನ್ನೋ ಮಾತಿನಲ್ಲಿರೋದು ಇದೇ ಕೆಚ್ಚು.) ಆಮೇಲೆ ಒಂದೇ ಒಂದು ವರ್ಷದ ಉಂಗುರವನ್ನು ಆರಿಸಿ, ಅದರ ಮೇಲಿನ ಪದರಗಳನ್ನೆಲ್ಲ ಎರಡು ಹಿಡಿಯ ಕತ್ತಿಯಿಂದ ಕೆರೆದು, ಈ ತುದಿಯಿಂದ ಆ ತುದಿಯವರೆಗೆ ಅದೊಂದೇ ಉಂಗುರ ಮೇಲ್ಮೈಯಾಗಿ ಉಳಿಯೋ ಹಾಗೆ ಮಾಡುತ್ತಾರೆ. ಅದು ಎಲ್ಲಿ ಉಬ್ಬುತ್ತೋ ಬಿಲ್ಲೂ ಅಲ್ಲಿ ಉಬ್ಬುತ್ತೆ, ಗಂಟಿನ ಸುತ್ತ ಬಳಸಿದರೆ ಕತ್ತಿಯೂ ಬಳಸುತ್ತೆ. ವಸಂತದಲ್ಲಿ ಬೆಳೆದ ಭಾಗ ರಂಧ್ರ ರಂಧ್ರ, ಕೆರೆದಾಗ ಕರಕರ ಅನ್ನುತ್ತೆ. ಆಮೇಲೆ ಬೆಳೆದದ್ದು ನುಣುಪು, ಸದ್ದಿಲ್ಲ. ಎಷ್ಟೋ ಜನ ಕಿವಿಯಿಂದಲೇ ಪದರ ಗುರುತಿಸುತ್ತಾರಂತೆ.

ನಮ್ಮ ಹಿಪ್ಪುನೇರಳೆಯಲ್ಲಿ ಈ ಆಟ ನಡೆಯಲಿಲ್ಲ. ವರ್ಷವಿಡೀ ನೀರು ಕುಡಿದು, ಆಗಾಗ ಕೊಂಬೆ ಕಡಿಸಿಕೊಂಡು ಬೆಳೆದ ಮರ ಅದು. ಉಂಗುರಗಳು ಒಂದು ಕಡೆ ಕಂಡರೆ ಇನ್ನೊಂದು ಕಡೆ ಮಾಯ. ಇಂಥ ಮರಕ್ಕೆ ಬೇರೆ ದಾರಿ ಇದೆ. ತೊಗಟೆ ಮಾತ್ರ ಬಿಡಿಸಿ, ಅದರ ಕೆಳಗಿನ ಮೇಲ್ಮೈಯನ್ನು ಒಂದು ಗೀರೂ ಬೀಳದ ಹಾಗೆ ಹಾಗೇ ಬೆನ್ನಾಗಿ ಇಟ್ಟುಕೊಳ್ಳೋದು. ಅಲ್ಲಿ ಒಂದು ನಾರೂ ಕತ್ತರಿಸಿರಲ್ಲ. ರಸ ಏರುವ ಕಾಲದಲ್ಲಿ ಕಡಿದ ಮರದ ತೊಗಟೆ ಬಾಳೆಹಣ್ಣಿನ ಸಿಪ್ಪೆ ಥರ ಬರುತ್ತಂತೆ, ನಮ್ಮದು ಚಳಿಗಾಲದ್ದು, ಅಂಟಿಕೊಂಡಿತ್ತು. ಹರಿತವಾದ ಸಾಧನ ಮುಟ್ಟದೆ, ಮೆಸ್ಸಿನ ಸ್ಟೀಲ್ ಚಮಚದ ಅಂಚಿನಲ್ಲಿ ಎರಡು ಸಂಜೆ ಕೆರೆದೆವು. (ಚಮಚ ವಾಪಸ್ ಇಟ್ಟಿದ್ದೀವಿ, ತೊಳೆದು.)

ಒಣಗಿಸೋದು

ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಳೇ ಲೆಕ್ಕ. ನಮಗೆ ಅಷ್ಟು ಪುರುಸೊತ್ತಿಲ್ಲ, ಎಂಟನೇ ಸೆಮಿಸ್ಟರ್ ಬಂದುಬಿಡುತ್ತೆ. ಹಸಿ ಇರುವಾಗಲೇ ಬಿಲ್ಲಿನ ಒರಟು ಆಕಾರಕ್ಕೆ ಇಳಿಸಿ, ಬೇಕಾದ್ದಕ್ಕಿಂತ ಒಂದಿಷ್ಟು ದಪ್ಪ ಉಳಿಸಿ, ಬಾಗದಂತೆ ನೇರ ಹಲಗೆಗೆ ಬಿಗಿದು ನೆರಳಲ್ಲಿ ಇಟ್ಟರೆ ಕೆಲವೇ ತಿಂಗಳು ಸಾಕು. ತೆಳ್ಳಗಿರೋದರಿಂದ ಒಳಗೂ ಹೊರಗೂ ಹೆಚ್ಚು ಕಮ್ಮಿ ಒಟ್ಟಿಗೇ ಒಣಗುತ್ತೆ. ತೇವಾಂಶ ಶೇಕಡಾ 8ರಿಂದ 10ರ ಸುಮಾರಿಗೆ ಇರಬೇಕು. ಹೆಚ್ಚಿದ್ದರೆ ಎಳೆದ ಬಿಲ್ಲು ಬಾಗಿದ್ದು ಬಾಗಿದ ಹಾಗೇ ಉಳಿದುಬಿಡುತ್ತೆ, ತೀರಾ ಕಡಿಮೆಯಾದರೆ ಪಟ್ ಅಂತ ಮುರಿಯುತ್ತೆ. ಮೀಟರ್ ಕೊಳ್ಳಲು ದುಡ್ಡಿಲ್ಲದವರಿಗೆ ಅಡುಗೆಮನೆಯ ತಕ್ಕಡಿ ಇದೆ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯೋದು ನಿಂತರೆ ಮರ ಸುತ್ತಲಿನ ಗಾಳಿಯ ಜೊತೆ ರಾಜಿಯಾಗಿದೆ ಅಂತ ಲೆಕ್ಕ.

ಅಳತೆಯ ವಿಷಯದಲ್ಲಿ ಒಂದು ಮಾತು. ತೊಲೆಯ ಬಿಗಿತ ಅಗಲಕ್ಕೆ ನೇರ ಅನುಪಾತ, ದಪ್ಪದ ಘನಕ್ಕೆ ಅನುಪಾತ. 15 ಮಿಮೀ ದಪ್ಪದಲ್ಲಿ ಒಂದೇ ಮಿಮೀ ಕೆರೆದರೆ ಬಿಗಿತ ಸುಮಾರು ಶೇಕಡಾ 19 ಬಿದ್ದುಹೋಗುತ್ತೆ. ಕೊನೆಯಲ್ಲಿ ಅರ, ಗಾಜಿನ ಚೂರು ಹಿಡಿದು ಪುಡಿ ಪುಡಿಯಾಗಿ ತೆಗೆಯೋದು ಅದಕ್ಕೇ. ಇನ್ನು, ಮೇಲ್ಮೈ ಎಷ್ಟು ಹಿಗ್ಗುತ್ತೆ ಅನ್ನೋದು ದಪ್ಪ ಮತ್ತು ಬಾಗಿನ ಮೇಲೆ ನಿಂತಿದೆ, ಅಗಲದ ಮೇಲಲ್ಲ. ಆದ್ದರಿಂದ ಮರದ ಮೇಲೆ ನಂಬಿಕೆ ಕಮ್ಮಿ ಇದ್ದರೆ ಬಿಲ್ಲನ್ನು ಅಗಲ ಮಾಡಿ, ತೆಳ್ಳಗೆ ಮಾಡಿ, ಉದ್ದ ಮಾಡಿ. ಒಸೇಜಿನಲ್ಲಿ ಒಂದೂಕಾಲು ಇಂಚು ಅಗಲ ಸಾಕಾಗೋ ಕಡೆ ನಾವು ಎರಡಿಂಚು ಇಟ್ಟಿದ್ದೀವಿ.

ಮರ ಹುಡುಕಿಕೊಂಡು ಹೊರಡೋರಿಗೆ ಒಂದು ಎಚ್ಚರಿಕೆ. ಮಳೆಗೆ ರಸ್ತೆಬದಿ ಉರುಳಿದ ಮರ ಅನಾಥ ಅಲ್ಲ, ಅದಕ್ಕೆ ಮಾಲೀಕರು ಇದ್ದೇ ಇರ್ತಾರೆ. ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಮರ ಕಡಿಯೋಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಬಿದ್ದದ್ದನ್ನು ಎತ್ತೋಕೂ ಸಾಗಿಸೋಕೂ ಮೊದಲು ಕೇಳಿ. ಗಂಧ, ಬೀಟೆ ಕಡೆ ಕಣ್ಣೆತ್ತಿಯೂ ನೋಡಬೇಡಿ. ಇನ್ನು ನಮ್ಮ ಬಿಲ್ಲಿಗೆ ಬೋರ್ಡಿನ ಗುರಿ ಮಾತ್ರ, ಪ್ರಾಣಿ ಪಕ್ಷಿ ಅಲ್ಲ ಅಂತ ಬೇರೆ ಹೇಳಬೇಕಿಲ್ಲ.

ಉಳಿದ ಆ ಒಂದು ತುಂಡು ಈಗ ಹಾಸ್ಟೆಲ್ ರೂಮಿನ ಮಂಚದ ಕೆಳಗಿದೆ. ಫೆಬ್ರವರಿಯಲ್ಲಿ ತೂಗಿದಾಗ 1,940 ಗ್ರಾಂ ಇತ್ತು. ಕಳೆದ ಮೂರು ಭಾನುವಾರವೂ 1,460. ಅಜ್ಜಿ ಮೊನ್ನೆ ಫೋನಿನಲ್ಲಿ, "ಅದೂ ಸೀಳ್ತಾ?" ಅಂತ ಕೇಳಿದರು. ಇಲ್ಲ ಅಜ್ಜಿ, ಇನ್ನೂ ಇಲ್ಲ. ಈ ಭಾನುವಾರ ವರ್ಕ್‌ಶಾಪಿನ ಹಿಂದೆ, ಗೋಡೆಗೆ ಕಪ್ಪಿ ಕಟ್ಟಿ, ದೂರದಿಂದ ಹಗ್ಗ ಹಿಡಿದು ಮೊದಲ ಸಲ ಬಾಗಿಸಿ ನೋಡ್ತೀವಿ. ನೋಡೋಕೆ ಬರೋರು ಬನ್ನಿ, ಹತ್ತಡಿ ದೂರ ನಿಂತ್ಕೊಳ್ಳಿ.