ಮೂರು ಲಕ್ಷ ರೂಪಾಯಿಯ ಮೋಟಾರ್ ಸೈಕಲ್: ಬೆಲೆಗೆ ತಕ್ಕ ಮೌಲ್ಯವಿದೆಯೇ?

ಪೀಣ್ಯದ ಕೈಗಾರಿಕಾ ಶೆಡ್ಡುಗಳ ಮುಂದೆ ನಿಲ್ಲುವ ವಾಹನಗಳನ್ನು ಗಮನಿಸಿದವರಿಗೆ ಕಾಲ ಬದಲಾಗಿರುವುದು ತಿಳಿಯುತ್ತದೆ. ಒಂದು ಕಾಲದಲ್ಲಿ ಮಾಲೀಕರದೂ ಫೋರ್‌ಮನ್‌ರದೂ ಒಂದೇ ಬಗೆಯ ನೂರು ಸಿ.ಸಿ. ವಾಹನವಾಗಿರುತ್ತಿತ್ತು. ಮೈಲೇಜ್ ಎಷ್ಟು ಎಂಬುದೊಂದೇ ಪ್ರಶ್ನೆ. ಇಂದು ಎಂಜಿನಿಯರಿಂಗ್ ಮುಗಿಸಿ ತಂದೆಯ ಉದ್ಯಮಕ್ಕೆ ಸೇರಿದ ಮಗ ಮೂರು ಲಕ್ಷ ರೂಪಾಯಿಯ ಮೋಟಾರ್ ಸೈಕಲ್ಲಿನ ದರಪಟ್ಟಿಯನ್ನು ತಂದು ಮೇಜಿನ ಮೇಲಿಡುತ್ತಾನೆ. ಅದನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ತೆರಿಗೆಯೂ ಉಳಿಯುತ್ತದೆ ಎಂಬ ಮಾತು ಜೊತೆಗೆ ಬರುತ್ತದೆ. ಬಿಲ್ಲು ಕೊಟ್ಟು 60 ಅಥವಾ 90 ದಿನ ಹಣಕ್ಕೆ ಕಾಯುವ ಸಣ್ಣ ಉದ್ಯಮಿಗೆ ಮೂರು ಲಕ್ಷ ಸಣ್ಣ ಮೊತ್ತವಲ್ಲ. ಸಿ.ಎನ್.ಸಿ. ಯಂತ್ರದ ಸಾಲಕ್ಕೆ ಬ್ಯಾಂಕು ಕೇಳುವ ಮಾರ್ಜಿನ್ ಹಣದ ದೊಡ್ಡ ಪಾಲು ಅದು. ಆದ್ದರಿಂದ ಈ ಪ್ರಶ್ನೆಯನ್ನು ಉತ್ಸಾಹದಿಂದಲೂ ನೋಡದೆ, ಸಿಟ್ಟಿನಿಂದಲೂ ತಳ್ಳಿಹಾಕದೆ, ಲೆಕ್ಕದ ಪುಸ್ತಕದ ಮುಂದೆ ಕುಳಿತು ಪರಿಶೀಲಿಸುವುದು ಉಚಿತ.

ಮನೆಯಂಗಳದ ಉದಾಹರಣೆ

ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಬೆಂಗಳೂರಿನ ಅಲ್ಟ್ರಾವಯಲೆಟ್ ಆಟೋಮೋಟಿವ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿ ಸಮೀಪ ತಯಾರಿಕಾ ಘಟಕ ಸ್ಥಾಪಿಸಿ, 2022ರ ನವೆಂಬರ್ 24ರಂದು ಎಫ್77 ಎಂಬ ವಿದ್ಯುತ್ ಮೋಟಾರ್ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ನಾರಾಯಣ್ ಸುಬ್ರಮಣಿಯಂ ಮತ್ತು ನೀರಜ್ ರಾಜಮೋಹನ್ ಕಟ್ಟಿದ ಈ ಸಂಸ್ಥೆಯಲ್ಲಿ ಟಿವಿಎಸ್ ಮೋಟಾರ್ ಕಂಪನಿಯೂ ಹೂಡಿಕೆ ಮಾಡಿದೆ. ಅಂದು ಮೂಲ ಮಾದರಿಯ ಎಕ್ಸ್-ಷೋರೂಂ ಬೆಲೆ ರೂ. 3.80 ಲಕ್ಷ, ದೊಡ್ಡ ಬ್ಯಾಟರಿಯ ರೆಕಾನ್ ಮಾದರಿಗೆ ರೂ. 4.55 ಲಕ್ಷ. 2024ರ ಏಪ್ರಿಲ್‌ನಲ್ಲಿ ಎಫ್77 ಮ್ಯಾಕ್ 2 ಎಂಬ ಸುಧಾರಿತ ಮಾದರಿ ರೂ. 2.99 ಲಕ್ಷದ ಪರಿಚಯ ಬೆಲೆಯಲ್ಲಿ ಬಂದಿತು. ಇದರ ಮೂಲ ಮಾದರಿಯ ಬ್ಯಾಟರಿ 7.1 ಯೂನಿಟ್ ವಿದ್ಯುತ್ ಹಿಡಿಯುತ್ತದೆ. ಪ್ರಮಾಣಿತ ಪರೀಕ್ಷೆಯಲ್ಲಿ ಒಮ್ಮೆ ಚಾರ್ಜ್ ಮಾಡಿದರೆ 211 ಕಿ.ಮೀ. ಓಡುತ್ತದೆ ಎಂದು ಸಂಸ್ಥೆ ಘೋಷಿಸಿದೆ. ಪರೀಕ್ಷೆಯ ಅಂಕಿಯೂ ಹೊಸೂರು ರಸ್ತೆಯ ಅಂಕಿಯೂ ಒಂದೇ ಆಗಿರುವುದಿಲ್ಲ ಎಂಬುದು ಪೆಟ್ರೋಲ್ ವಾಹನ ಓಡಿಸಿದವರಿಗೂ ತಿಳಿದ ಸಂಗತಿ.

ಕೇಂದ್ರ ಸರ್ಕಾರದ ಫೇಮ್-2 ಯೋಜನೆಯಡಿ ಕಾರ್ಖಾನೆ ಬೆಲೆ ರೂ. 1.5 ಲಕ್ಷ ಮೀರಿದ ದ್ವಿಚಕ್ರ ವಾಹನಕ್ಕೆ ಸಹಾಯಧನವಿರಲಿಲ್ಲ. ಹೀಗಾಗಿ 2023ರ ಜೂನ್‌ನಲ್ಲಿ ಸಹಾಯಧನವನ್ನು ಕಡಿತಗೊಳಿಸಿದಾಗ ಅದನ್ನು ನಂಬಿದ್ದ ಸ್ಕೂಟರುಗಳಿಗೆ ಬಿದ್ದ ಪೆಟ್ಟು ಈ ವರ್ಗದ ವಾಹನಕ್ಕೆ ತಗಲಲಿಲ್ಲ.

ಬೆಲೆಯೊಳಗಿನ ತೆರಿಗೆ

ಎರಡು ವಾಹನಗಳ ಬೆಲೆ ಒಂದೇ ಆಗಿದ್ದರೂ ಅದರೊಳಗಿನ ಸರಕಿನ ಮೌಲ್ಯ ಬೇರೆ ಬೇರೆಯಾಗಿರಬಹುದು. ವಿದ್ಯುತ್ ವಾಹನಗಳ ಮೇಲೆ 2019ರ ಆಗಸ್ಟ್‌ನಿಂದ ಜಿ.ಎಸ್.ಟಿ. ಶೇ. 5ರಷ್ಟಿದೆ. ಪೆಟ್ರೋಲ್ ಮೋಟಾರ್ ಸೈಕಲ್ಲುಗಳಿಗೆ 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗೆ ಶೇ. 18, ಅದಕ್ಕೆ ಮೀರಿದರೆ ಶೇ. 40ರ ದರ ಜಾರಿಗೆ ಬಂದಿತು. ರೂ. 2,99,000 ಎಕ್ಸ್-ಷೋರೂಂ ಬೆಲೆಯ ವಿದ್ಯುತ್ ವಾಹನದಲ್ಲಿ ಜಿ.ಎಸ್.ಟಿ. ಸುಮಾರು ರೂ. 14,240. 350 ಸಿ.ಸಿ. ಮೀರಿದ, ರೂ. 3 ಲಕ್ಷ ಬೆಲೆಯ ಪೆಟ್ರೋಲ್ ವಾಹನದಲ್ಲಿ ಅದು ಸುಮಾರು ರೂ. 85,700.

ಇದರ ಮೇಲೆ ಕರ್ನಾಟಕದಲ್ಲಿ ಒಂದು ಲಕ್ಷ ಮೀರಿದ ಪೆಟ್ರೋಲ್ ದ್ವಿಚಕ್ರ ವಾಹನಕ್ಕೆ ಶೇ. 18ರ ಜೀವಾವಧಿ ತೆರಿಗೆ, ಅಂದರೆ ರೂ. 54,000 ಮತ್ತು ಅದರ ಮೇಲಿನ ಸೆಸ್. ಒಟ್ಟಿನಲ್ಲಿ ಪೆಟ್ರೋಲ್ ವಾಹನಕ್ಕೆ ಕೊಟ್ಟ ಹಣದಲ್ಲಿ ರೂ. 1.40 ಲಕ್ಷಕ್ಕೂ ಮಿಕ್ಕಿ ಬೊಕ್ಕಸಕ್ಕೆ ಹೋಗುತ್ತದೆ. ಕೊಳ್ಳುವವನ ಕೈಗೆ ಬರುವ ವಾಹನದ ಮೌಲ್ಯ ಸುಮಾರು ರೂ. 2.14 ಲಕ್ಷ ಮಾತ್ರ. ವಿದ್ಯುತ್ ವಾಹನಗಳಿಗೆ ರಾಜ್ಯವು 2016ರಲ್ಲಿ ಜೀವಾವಧಿ ತೆರಿಗೆಯಿಂದ ವಿನಾಯಿತಿ ನೀಡಿತು, 2024ರಲ್ಲಿ ರೂ. 25 ಲಕ್ಷ ಮೀರಿದ ವಿದ್ಯುತ್ ವಾಹನಗಳನ್ನು ತೆರಿಗೆಗೆ ಒಳಪಡಿಸಿತು. ಇಂತಹ ವಿನಾಯಿತಿಗಳು ಕಾಲಕಾಲಕ್ಕೆ ಬದಲಾಗುವುದರಿಂದ ಬುಕಿಂಗ್ ದಿನದ ದರವನ್ನಲ್ಲ, ನೋಂದಣಿ ದಿನದ ದರವನ್ನು ಲೆಕ್ಕಕ್ಕೆ ಹಿಡಿಯಬೇಕು.

ಐದು ವರ್ಷಗಳ ಲೆಕ್ಕ

ವಾಹನದ ನಿಜವಾದ ಬೆಲೆ ದರಪಟ್ಟಿಯಲ್ಲಿರುವುದಿಲ್ಲ. ಕೊಂಡ ಬೆಲೆಯಿಂದ ಮರುಮಾರಾಟದ ಬೆಲೆ ಕಳೆದು, ಇಂಧನ, ದುರಸ್ತಿ ಮತ್ತು ಸಿಕ್ಕಿಬಿದ್ದ ಹಣದ ಬಡ್ಡಿಯನ್ನು ಸೇರಿಸಿದಾಗ ಅದು ಗೊತ್ತಾಗುತ್ತದೆ. ಪೀಣ್ಯ ಎರಡನೇ ಹಂತದಲ್ಲಿ ಯಂತ್ರಭಾಗ ತಯಾರಿಸುವ ಘಟಕವೊಂದನ್ನು ಉದಾಹರಣೆಯಾಗಿ ಭಾವಿಸಬಹುದು. ಮಾಲೀಕರ ಮಗ ಗ್ರಾಹಕರ ಭೇಟಿಗೆ ಬೊಮ್ಮಸಂದ್ರ, ವೈಟ್‌ಫೀಲ್ಡ್ ಕಡೆಗೆ ಹೋಗಿಬರುತ್ತಾರೆ. ಸರಾಸರಿ ದಿನಕ್ಕೆ 40 ಕಿ.ಮೀ., ವರ್ಷಕ್ಕೆ 300 ದಿನ; ಐದು ವರ್ಷಕ್ಕೆ 60,000 ಕಿ.ಮೀ.

ಲೆಕ್ಕಕ್ಕಾಗಿ ಇಟ್ಟುಕೊಂಡಿರುವ ಅಂದಾಜುಗಳು ಇವು: ಪೆಟ್ರೋಲ್ ಲೀಟರಿಗೆ ರೂ. 103, ವಿದ್ಯುತ್ ಯೂನಿಟ್ಟಿಗೆ ರೂ. 8, ಸರಾಸರಿ ತೊಡಗಿದ ಹಣದ ಮೇಲೆ ಶೇ. 10 ಬಡ್ಡಿ. ವಿದ್ಯುತ್ ವಾಹನವು ನಗರದ ರಸ್ತೆಯಲ್ಲಿ 120 ಕಿ.ಮೀ.ಗೆ, ಚಾರ್ಜಿಂಗ್ ನಷ್ಟವೂ ಸೇರಿ, 8 ಯೂನಿಟ್ ಬಳಸುತ್ತದೆ ಎಂದು ಹಿಡಿಯಲಾಗಿದೆ. ಪ್ರತಿ ವರ್ಷದ ವಿಮಾ ನವೀಕರಣವನ್ನು ಹೊರಗಿಡಲಾಗಿದೆ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಂಡು ನೋಡಬಹುದು.

(1) ವಿದ್ಯುತ್ ಪ್ರೀಮಿಯಂ ಮೋಟಾರ್ ಸೈಕಲ್: ಜೀವಾವಧಿ ತೆರಿಗೆ ಇಲ್ಲದೆ ರಸ್ತೆಗೆ ಬರುವ ಬೆಲೆ ರೂ. 3,30,000, ಐದು ವರ್ಷಗಳ ನಂತರ ಮಾರಿದರೆ ರೂ. 75,000. ನಿವ್ವಳ ಸವಕಳಿ ರೂ. 2,55,000, ವಿದ್ಯುತ್ ರೂ. 32,000, ದುರಸ್ತಿ ರೂ. 25,000, ಬಡ್ಡಿ ರೂ. 1,01,250. ಒಟ್ಟು ರೂ. 4,13,250, ಕಿ.ಮೀ.ಗೆ ರೂ. 6.89.

(2) 350 ಸಿ.ಸಿ. ಮೀರಿದ ಪೆಟ್ರೋಲ್ ಪ್ರೀಮಿಯಂ ಮೋಟಾರ್ ಸೈಕಲ್: ರಸ್ತೆಗೆ ಬರುವ ಬೆಲೆ ರೂ. 3,80,000, ಮರುಮಾರಾಟ ರೂ. 1,60,000, ಲೀಟರಿಗೆ 28 ಕಿ.ಮೀ. ನಿವ್ವಳ ಸವಕಳಿ ರೂ. 2,20,000, ಪೆಟ್ರೋಲ್ ರೂ. 2,20,700, ದುರಸ್ತಿ ರೂ. 60,000, ಬಡ್ಡಿ ರೂ. 1,35,000. ಒಟ್ಟು ರೂ. 6,35,700, ಕಿ.ಮೀ.ಗೆ ರೂ. 10.60.

(3) ಸಾಮಾನ್ಯ 125 ಸಿ.ಸಿ. ಮೋಟಾರ್ ಸೈಕಲ್: ರಸ್ತೆಗೆ ಬರುವ ಬೆಲೆ ರೂ. 1,20,000, ಮರುಮಾರಾಟ ರೂ. 40,000; ಲೀಟರಿಗೆ 55 ಕಿ.ಮೀ. ನಿವ್ವಳ ಸವಕಳಿ ರೂ. 80,000, ಪೆಟ್ರೋಲ್ ರೂ. 1,12,350, ದುರಸ್ತಿ ರೂ. 30,000, ಬಡ್ಡಿ ರೂ. 40,000. ಒಟ್ಟು ರೂ. 2,62,350, ಕಿ.ಮೀ.ಗೆ ರೂ. 4.37.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಬರುತ್ತವೆ. ಪ್ರೀಮಿಯಂ ವಾಹನವನ್ನೇ ಕೊಳ್ಳುವುದೆಂದು ನಿಶ್ಚಯಿಸಿದವರಿಗೆ ವಿದ್ಯುತ್ ವಾಹನ ಐದು ವರ್ಷಗಳಲ್ಲಿ ಸುಮಾರು ರೂ. 2.22 ಲಕ್ಷ ಉಳಿಸುತ್ತದೆ. ಮರುಮಾರಾಟದ ಬೆಲೆ ಸೊನ್ನೆ ಎಂದು ಹಿಡಿದರೂ ಅದರ ವೆಚ್ಚ ಕಿ.ಮೀ.ಗೆ ರೂ. 7.83 ಮೀರುವುದಿಲ್ಲ. ಆದರೆ ಸಾಮಾನ್ಯ ವಾಹನದ ಪಕ್ಕದಲ್ಲಿಟ್ಟರೆ ಅದೇ ವಿದ್ಯುತ್ ವಾಹನ ಸುಮಾರು ರೂ. 1.50 ಲಕ್ಷ, ಅಂದರೆ ತಿಂಗಳಿಗೆ ರೂ. 2,500 ಹೆಚ್ಚು ಕೇಳುತ್ತದೆ.

ಹೆಚ್ಚು ಓಡಿಸಿದರೆ ಈ ಅಂತರ ತುಂಬುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಇಂಧನ ಮತ್ತು ದುರಸ್ತಿ ಸೇರಿ ವಿದ್ಯುತ್ ವಾಹನ ಸಾಮಾನ್ಯ ವಾಹನಕ್ಕಿಂತ ಕಿ.ಮೀ.ಗೆ ರೂ. 1.42 ಉಳಿಸುತ್ತದೆ. ಸವಕಳಿ ಮತ್ತು ಬಡ್ಡಿಯಲ್ಲಿನ ಅಂತರ ರೂ. 2,36,250. ಇದು ತುಂಬಲು ಐದು ವರ್ಷಗಳಲ್ಲಿ 1.66 ಲಕ್ಷ ಕಿ.ಮೀ., ಅಂದರೆ ದಿನಕ್ಕೆ ಸುಮಾರು 110 ಕಿ.ಮೀ. ಓಡಿಸಬೇಕು. ಪೀಣ್ಯದಿಂದ ಬೊಮ್ಮಸಂದ್ರಕ್ಕೆ ಸುಮಾರು 40 ಕಿ.ಮೀ. ದೂರವೆಂದು ಹಿಡಿದರೆ ದಿನವೂ ಹೋಗಿಬಂದರೂ ಆ ಅಂಕಿ ಮುಟ್ಟುವುದಿಲ್ಲ. ಇನ್ನು ವಾರಾಂತ್ಯಕ್ಕಷ್ಟೇ ಹೊರತೆಗೆದು ವರ್ಷಕ್ಕೆ 4,000 ಕಿ.ಮೀ. ಓಡಿಸುವವರಿಗೆ ಪ್ರತಿ ಕಿ.ಮೀ. ಸುಮಾರು ರೂ. 19 ಬೀಳುತ್ತದೆ. ಆದ್ದರಿಂದ “ಪೆಟ್ರೋಲ್ ಉಳಿತಾಯದಲ್ಲೇ ಹಣ ವಾಪಸ್” ಎಂಬ ಮಾತು ಅಗ್ಗದ ವಿದ್ಯುತ್ ಸ್ಕೂಟರಿಗೆ ಒಪ್ಪಬಹುದಾದರೂ ಮೂರು ಲಕ್ಷದ ಮೋಟಾರ್ ಸೈಕಲ್ಲಿಗೆ ಒಪ್ಪುವುದಿಲ್ಲ.

ಸಂಸ್ಥೆಯ ಹೆಸರಿನಲ್ಲಿ ಕೊಂಡರೆ

ಇಲ್ಲಿ ಅನೇಕರಿಗೆ ತಪ್ಪು ಕಲ್ಪನೆಗಳಿವೆ. ಮೊದಲನೆಯದಾಗಿ, ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮಿನ ಪ್ರಕಾರ ಜನರ ಸಂಚಾರಕ್ಕೆ ಬಳಸುವ ಇಂತಹ ಸಣ್ಣ ವಾಹನಗಳ ಮೇಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ. ವಾಹನ ವ್ಯಾಪಾರಿಗಳು, ಚಾಲನಾ ತರಬೇತಿ ಶಾಲೆಗಳು ಮುಂತಾದವರಿಗಷ್ಟೇ ಅದು ಲಭ್ಯ. ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿದ ಮಾತ್ರಕ್ಕೆ ಕ್ರೆಡಿಟ್ ಹುಟ್ಟುವುದಿಲ್ಲ.

ಎರಡನೆಯದು ಸವಕಳಿ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಪೆಟ್ರೋಲ್ ಮೋಟಾರ್ ಸೈಕಲ್ಲಿಗೆ ಶೇ. 15, ವಿದ್ಯುತ್ ಚಾಲಿತ ವಾಹನಕ್ಕೆ ಶೇ. 40 ಎಂದು ದರ ನಿಗದಿಯಾಗಿತ್ತು. ರೂ. 3,30,000ಕ್ಕೆ ಶೇ. 40ರಂತೆ ಮೊದಲ ವರ್ಷ ರೂ. 1,32,000 ಸವಕಳಿ, ಶೇ. 30ರ ತೆರಿಗೆ ದರದವರಿಗೆ ಅದರಿಂದ ರೂ. 39,600 ಉಳಿತಾಯ. ಇದು ಗಣನೀಯವೇ. ಆದರೆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅರ್ಧ ಮಾತ್ರ. ಸ್ವಂತ ಬಳಕೆಯ ಪಾಲನ್ನು ಕಳೆಯಬೇಕು. ಮುಂದೆ ಮಾರಿದಾಗ ಬಂದ ಹಣವು ಆಸ್ತಿ ಸಮೂಹದಿಂದ ಕಳೆಯಲ್ಪಡುತ್ತದೆ. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರಿಂದ ಅನಂತರದ ಖರೀದಿಗಳಿಗೆ ಹೊಸ ನಿಯಮಗಳನ್ನು ನೋಡುವುದು ಅವಶ್ಯ.

ಮೂರನೆಯದಾಗಿ, ವಹಿವಾಟಿನ ಶೇಕಡಾವಾರು ಲೆಕ್ಕದಲ್ಲಿ ಅಂದಾಜು ಲಾಭ ಘೋಷಿಸುವ ಸಣ್ಣ ವ್ಯಾಪಾರಿಗೆ ಸವಕಳಿಯ ಪ್ರತ್ಯೇಕ ಲಾಭ ಸಿಗುವುದೇ ಇಲ್ಲ. ಆತನ ಪಾಲಿಗೆ “ತೆರಿಗೆ ಉಳಿಯುತ್ತದೆ” ಎಂಬುದು ಬರಿಯ ಮಾತು. ತೆರಿಗೆ ಉಳಿಯುವವರಿಗೂ ಮೂವತ್ತು ಪೈಸೆ ಉಳಿಸಲು ಒಂದು ರೂಪಾಯಿ ಖರ್ಚು ಮಾಡುವುದು ಉಳಿತಾಯವಾಗುವುದಿಲ್ಲ.

ಅಂಕಿಗೆ ಸಿಗದ ಅಪಾಯಗಳು

ಹೊಸ ತಂತ್ರಜ್ಞಾನದ ಮೊದಲ ಗ್ರಾಹಕರು ಸಂಶೋಧನೆಯ ವೆಚ್ಚದ ಒಂದು ಪಾಲನ್ನು ಹೊರುತ್ತಾರೆ. 2022ರಲ್ಲಿ ರೂ. 3.80 ಲಕ್ಷಕ್ಕೆ ಕೊಂಡವರು ಹದಿನೇಳು ತಿಂಗಳಲ್ಲಿ ಸುಧಾರಿತ ಮಾದರಿಯನ್ನು ರೂ. 81,000 ಕಡಿಮೆ ಬೆಲೆಗೆ ಕಂಡರು. ಹೊಸದರ ಬೆಲೆ ಇಳಿದಾಗ ಹಳೆಯದರ ಮರುಮಾರಾಟ ಬೆಲೆಯೂ ಕುಸಿಯುವುದು ಸಹಜ. ಮೇಲಿನ ಲೆಕ್ಕದಲ್ಲಿ ವಿದ್ಯುತ್ ವಾಹನದ ಮರುಮಾರಾಟ ಬೆಲೆಯನ್ನು ಕಡಿಮೆ ಹಿಡಿದಿರುವುದಕ್ಕೆ ಇದೇ ಕಾರಣ.

ತಯಾರಕ ಸಂಸ್ಥೆಯ ಬಾಳಿಕೆಯೂ ಬೆಲೆಯ ಒಂದು ಭಾಗವೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಅಲ್ಲಿ ತಯಾರಾದ ಜಾವಾ, ಯೆಜ್ದಿ ವಾಹನಗಳು ನಮ್ಮ ರಸ್ತೆಗಳಿಂದ ಮಾಯವಾಗಲಿಲ್ಲ. ಅವುಗಳ ಸರಳ ಟೂ-ಸ್ಟ್ರೋಕ್ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಊರೂರಲ್ಲಿದ್ದರು. ಬೇಕಾದ ಭಾಗವನ್ನು ಲೇತ್‌ನಲ್ಲಿ ಕಡೆದು ಕೊಡುವವರೂ ಇದ್ದರು. ವಿದ್ಯುತ್ ಮೋಟಾರ್ ಸೈಕಲ್ಲಿನ ಬ್ಯಾಟರಿ ನಿಯಂತ್ರಣ ಫಲಕವನ್ನಾಗಲಿ ತಂತ್ರಾಂಶವನ್ನಾಗಲಿ ಲೇತ್‌ನಲ್ಲಿ ಕಡೆಯಲಾಗದು. ಆದಕಾರಣ ಬ್ಯಾಟರಿಯ ವಾರಂಟಿ ಎಷ್ಟು ವರ್ಷ ಎಂಬುದರ ಜೊತೆಗೆ, ಸಾಮರ್ಥ್ಯ ಎಷ್ಟು ಕುಗ್ಗಿದರೆ ಬದಲಾಯಿಸಿಕೊಡುತ್ತಾರೆ, ವಾರಂಟಿಯ ನಂತರ ಬ್ಯಾಟರಿಯ ಬೆಲೆ ಎಷ್ಟು, ಎರಡನೇ ಮಾಲೀಕರಿಗೆ ಅದು ವರ್ಗವಾಗುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ದುರಸ್ತಿ ಕೇಂದ್ರ ತುಮಕೂರು ರಸ್ತೆಯ ಕಡೆ ಇದೆಯೇ ಅಥವಾ ಊರಿನ ಇನ್ನೊಂದು ತುದಿಯಲ್ಲಿದೆಯೇ ಎಂಬುದೂ ಮುಖ್ಯ. ಶೆಡ್ಡಿನಲ್ಲಿ ಚಾರ್ಜ್ ಮಾಡುವುದಾದರೆ ಮಂಜೂರಾದ ವಿದ್ಯುತ್ ಹೊರೆ ಮತ್ತು ಅನ್ವಯಿಸುವ ದರವನ್ನು ಬೆಸ್ಕಾಂನಲ್ಲಿ ಮೊದಲೇ ಖಚಿತಪಡಿಸಿಕೊಳ್ಳುವುದು ಲೇಸು.

ಕೇವಲ ಸಂಚಾರವೇ ಉದ್ದೇಶವಾದರೆ ಇನ್ನೂ ಅಗ್ಗದ ದಾರಿ ಈಗ ಇದೆ. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಮೆಟ್ರೋ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರ ತಲುಪುತ್ತದೆ. ಪೀಣ್ಯದಿಂದ ಹಸಿರು ಮಾರ್ಗದಲ್ಲಿ ಹೊರಟವರು ಒಮ್ಮೆ ರೈಲು ಬದಲಿಸಿದರೆ ಸಾಕು.

ಯಾರ ಹಣದಿಂದ?

ಹಾಗಾದರೆ ಪ್ರೀಮಿಯಂ ಮೋಟಾರ್ ಸೈಕಲ್ ಬೆಲೆಗೆ ತಕ್ಕದ್ದೇ? ಉತ್ತರವು ವಾಹನಕ್ಕಿಂತ ಹೆಚ್ಚಾಗಿ ಕೊಳ್ಳುವವರ ಹಣದ ಮೂಲವನ್ನು ಅವಲಂಬಿಸಿದೆ. ತಿಂಗಳಿಗೆ ರೂ. 2,500 ಹೆಚ್ಚು ಕೊಟ್ಟು ಉತ್ತಮ ಬ್ರೇಕು, ದೃಢವಾದ ಚೌಕಟ್ಟು, ಓಡಿಸುವ ಸಂತೋಷ ಪಡೆಯುವುದು ತಪ್ಪಲ್ಲ. ಸ್ವಂತ ಸಂಪಾದನೆಯಿಂದ, ಕುಟುಂಬದ ಖಾತೆಯಿಂದ ಅದನ್ನು ಭರಿಸಬಲ್ಲ ಯುವಕನಿಗೆ ಈ ಬೆಲೆ ಅತಿಯಲ್ಲ. ನಮ್ಮ ಊರಿನಲ್ಲೇ ತಯಾರಾದ ವಾಹನವೆಂಬ ಹೆಮ್ಮೆಯೂ ಜೊತೆಗಿರುತ್ತದೆ. ಆದರೆ ಕ್ಯಾಶ್ ಕ್ರೆಡಿಟ್ ಖಾತೆಯ ಮಿತಿಯಿಂದ ಹಣ ತೆಗೆದು, ಕಚ್ಚಾ ಸಾಮಗ್ರಿ ಪೂರೈಸಿದವರ ಪಾವತಿಯನ್ನು ಮುಂದೂಡಿ ಕೊಂಡ ವಾಹನ ಎಷ್ಟೇ ಚೆನ್ನಾಗಿದ್ದರೂ ದುಬಾರಿಯೇ. ಆ ಮೂರು ಲಕ್ಷ ಯಂತ್ರದಲ್ಲಿ ತೊಡಗಿದ್ದರೆ ದುಡಿಯುತ್ತಿತ್ತು. ಮೋಟಾರ್ ಸೈಕಲ್ಲಿನಲ್ಲಿ ಅದು ಸವೆಯುತ್ತದೆ.

ದರಪಟ್ಟಿ ಮೇಜಿನ ಮೇಲೆ ಬಂದಾಗ ತಂದೆ ಮಗ ಇಬ್ಬರೂ ಕೂತು ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲಿ: ವರ್ಷಕ್ಕೆ ನಿಜವಾಗಿ ಎಷ್ಟು ಕಿ.ಮೀ.? ಐದು ವರ್ಷಗಳ ನಂತರ ಏನೂ ಬಾರದಿದ್ದರೆ ತಡೆದುಕೊಳ್ಳುವ ಶಕ್ತಿ ಇದೆಯೇ? ಕಂತು ಹೋಗುವುದು ಯಾರ ಖಾತೆಯಿಂದ? ಮೂರನೆಯದರ ಉತ್ತರ ಮನೆಯ ಖಾತೆ ಎಂದಾದರೆ ಸಂತೋಷವಾಗಿ ಕೊಳ್ಳಬಹುದು. ಸಂಸ್ಥೆಯ ಖಾತೆ ಎಂದಾದರೆ ಸದ್ಯಕ್ಕೆ 125 ಸಿ.ಸಿ. ವಾಹನವೇ ಸಾಕು.