ಕಾಗದದ ಕವಚ, ನನ್ನ ಬ್ಯಾಕ್‌ಲಾಗ್

‘ಏನಲೇ ಅಳಿಯ, ಬಿಇ ಓದು ಅಂತ ಕಳಿಸಿದ್ರೆ ಇಲ್ಲಿ ಕೂತು ನಾಟಕದ ಕಿರೀಟ ಮಾಡ್ತಿದೀಯ?’

ದಾವಣಗೆರೆಯಲ್ಲಿ ನನ್ನ ಸೋದರಮಾವನ ಟಿಂಕರಿಂಗ್ ಶಾಪ್ ಇದೆ. ಎರಡನೇ ಸೆಮಿಸ್ಟರ್ ಮುಗಿಸಿ ರಜೆಗೆಂದು ಅಲ್ಲಿಗೆ ಹೋಗಿದ್ದೆ. ಜಖಂ ಆದ ಕಾರುಗಳ ಮಧ್ಯೆ ಒಂದು ಮೂಲೆ ಹಿಡಿದು ಕೂತು, ಕಾಗದದ ಹೆಲ್ಮೆಟ್ಟಿಗೆ ತುಂಡು ಅಂಟಿಸುತ್ತಿದ್ದಾಗ ಮಾವ ಕೇಳಿದ ಪ್ರಶ್ನೆ ಇದು. ಕಿರೀಟ ಅಲ್ಲ ಮಾವ, ಗೇಮ್‌ನಲ್ಲಿ ಬರುವ ಸೈನಿಕನ ಶಿರಸ್ತ್ರಾಣ ಅಂದೆ. ‘ಎರಡೂ ಒಂದೇ ಬಿಡು’ ಎಂದು ಮತ್ತೆ ಸುತ್ತಿಗೆ ಎತ್ತಿಕೊಂಡ.

ಗೇಮ್ ಹೆಸರು ‘ಹೇಲೋ’. ಅಮೆರಿಕದ ಬಂಜಿ ಎಂಬ ಸ್ಟುಡಿಯೊ ಮಾಡಿದ್ದು, 2001ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಜೊತೆಗೇ ಬಂತು. ಅಂದರೆ ನಾನು ಹುಟ್ಟುವುದಕ್ಕೂ ಮೊದಲಿನದು. ಅದರ ನಾಯಕ ಮಾಸ್ಟರ್ ಚೀಫ್. ಏಳಡಿ ಎತ್ತರ, ಮೈತುಂಬ ಹಸಿರು ಕವಚ, ಮುಖದ ಮೇಲೆ ಬಂಗಾರ ಬಣ್ಣದ ಗಾಜು. ಆಟದಲ್ಲಿ ಅವನ ಮುಖವನ್ನು ನಾವು ನೋಡುವುದೇ ಇಲ್ಲ. ಹೀಗಾಗಿ ಆ ಹೆಲ್ಮೆಟ್ ಹಾಕಿಕೊಂಡವನೇ ಮಾಸ್ಟರ್ ಚೀಫ್! ಕತೆಯ ಪ್ರಕಾರ ಆ ಕವಚದ ತೂಕ ಸುಮಾರು ಅರ್ಧ ಟನ್. ನಾನು ಕಟ್ಟಲು ಹೊರಟಿದ್ದು ಕಾಗದದಲ್ಲಿ.

ಕಾಗದದಲ್ಲಿ ಕವಚ ಕಟ್ಟುವ ಹುಚ್ಚು ನನ್ನೊಬ್ಬನದಲ್ಲ. ಈ ವಿದ್ಯೆಗೆ ‘ಪೆಪಾಕುರ’ ಎನ್ನುತ್ತಾರೆ. ಪೇಪರ್ ಕ್ರಾಫ್ಟ್ ಎಂಬುದನ್ನೇ ಜಪಾನೀಯರು ತಮ್ಮ ಬಾಯಿಗೆ ತಕ್ಕಂತೆ ತುಂಡರಿಸಿಕೊಂಡ ಪದ ಅದು. ಜಪಾನಿನ ಟಾಮಾ ಸಾಫ್ಟ್‌ವೇರ್ ಕಂಪನಿಯ ‘ಪೆಪಾಕುರ ಡಿಸೈನರ್’ ಎಂಬ ತಂತ್ರಾಂಶಕ್ಕೆ ಒಂದು ತ್ರೀಡಿ ಮಾದರಿ ಕೊಟ್ಟರೆ, ಅದನ್ನು ಅಂಚುಗಳಲ್ಲಿ ಬಿಡಿಸಿ, ಚಪ್ಪಟೆ ಹಾಳೆಗಳ ಮೇಲೆ ಹರಡಿ ಕೊಡುತ್ತದೆ. ಬೆಟ್ಟದಂತೆ ಮೇಲಕ್ಕೆ ಮಡಚಬೇಕಾದ ಕಡೆ ಒಂದು ತರಹದ ಗೆರೆ, ಕಣಿವೆಯಂತೆ ಒಳಕ್ಕೆ ಮಡಚಬೇಕಾದ ಕಡೆ ಇನ್ನೊಂದು ತರಹದ ಗೆರೆ. ಅಂಟಿಸಲು ಪುಟ್ಟ ರೆಕ್ಕೆಗಳು. ಪ್ರತಿ ಅಂಚಿಗೂ ಒಂದು ನಂಬರು. 47ನೇ ನಂಬರಿನ ಅಂಚು ಎಲ್ಲೋ ಇರುವ ಇನ್ನೊಂದು 47ಕ್ಕೇ ಅಂಟಬೇಕು. ಕೇಳಲು ಇಷ್ಟೇ. ಹುಡುಕಲು ಕೂತಾಗ ಗೊತ್ತಾಗುತ್ತದೆ.

ನನ್ನ ಹೆಲ್ಮೆಟ್ಟಿಗೆ 18 ಹಾಳೆ ಹಿಡಿಯಿತು. ಮಾಮೂಲಿ ಜೆರಾಕ್ಸ್ ಕಾಗದ ಮೆತ್ತಗಾಗುತ್ತದೆ, 200 ಜಿಎಸ್‌ಎಂನ ಕಾರ್ಡ್ ಶೀಟ್ ಬೇಕು. ಅಷ್ಟು ದಪ್ಪದ ಹಾಳೆಗೆ ಕಾಲೇಜಿನ ಎದುರಿನ ಅಂಗಡಿಯ ಪ್ರಿಂಟರ್ 11 ಹಾಳೆಗೇ ಸುಸ್ತಾಯಿತು. ಉಳಿದ ಏಳನ್ನು ದಾವಣಗೆರೆಯ ಇನ್ನೊಂದು ಅಂಗಡಿಯಲ್ಲಿ ತೆಗೆಸಿದೆ. ಅಲ್ಲೇ ಎಡವಟ್ಟಾಗಿದ್ದು.

ಮೂರು ದಿನ ಕತ್ತರಿಸಿದೆ. ಮಡಚುವ ಗೆರೆಗಳ ಮೇಲೆ ರೀಫಿಲ್ ಖಾಲಿಯಾದ ಬಾಲ್ ಪೆನ್ನು ಎಳೆದೆ (ಹಾಗೆ ಗೀರದಿದ್ದರೆ ಮಡಿಕೆ ಸೊಟ್ಟಗಾಗುತ್ತದೆ). ಹಿಂಭಾಗವೆಲ್ಲ ಚೆಂದವಾಗಿ ಕೂತಿತು. ಕೆನ್ನೆಯ ಹತ್ತಿರ ಬಂದಾಗ ಒಂದೇ ನಂಬರಿನ ಎರಡು ಅಂಚುಗಳು ಕೂಡುತ್ತಲೇ ಇಲ್ಲ! ಒಂದು ಉದ್ದ, ಒಂದು ಗಿಡ್ಡ. ಎಳೆದು ಅಂಟಿಸಿದೆ. ಮುಂದಿನ ಅಂಚು ಇನ್ನಷ್ಟು ಜಗ್ಗಿತು. ಮಾದರಿ ಮಾಡಿದವನಿಗೆ ಬೈದೆ, ಅಂಟಿಗೆ ಬೈದೆ, ಕೊನೆಗೆ ಸ್ಕೇಲ್ ಹಿಡಿದು ಅಳೆದೆ. ಒಂದು ಅಂಚು 150 ಮಿ.ಮೀ., ಅದರ ಜೋಡಿ 146.

ಆ ವಿನ್ಯಾಸ ಅಮೆರಿಕದವರದು. ಅವರ ‘ಲೆಟರ್’ ಹಾಳೆಯ ಅಗಲ 216 ಮಿ.ಮೀ. ನಮ್ಮ ಎ4 ಹಾಳೆಯದು 210. ಮೊದಲ ಅಂಗಡಿಯಲ್ಲಿ ಪ್ರಿಂಟ್ ಇದ್ದ ಅಳತೆಯಲ್ಲೇ ಬಂದಿತ್ತು. ಎರಡನೇ ಅಂಗಡಿಯಲ್ಲಿ ‘ಫಿಟ್ ಟು ಪೇಜ್’ ಒತ್ತಿದ್ದರಿಂದ ಎಲ್ಲವೂ ಶೇ 3ರಷ್ಟು ಕುಗ್ಗಿಹೋಗಿತ್ತು. ಬರೀ ಮೂರು ಪರ್ಸೆಂಟ್! ಕಣ್ಣಿಗೆ ಕಾಣುವುದೇ ಇಲ್ಲ. ಅಂಗಡಿಯವನ ತಪ್ಪೇನಿಲ್ಲ, ಪ್ರಿಂಟ್ ಕೈಗೆ ಬಂದ ಕೂಡಲೇ ಒಂದು ಗೆರೆಯನ್ನಾದರೂ ಅಳೆದು ನೋಡಬೇಕಿದ್ದವನು ನಾನು. ಏಳು ಹಾಳೆ ಮತ್ತೆ ಪ್ರಿಂಟ್, ಮತ್ತೆ ಕತ್ತರಿ.

ಈ ಸಿಟ್ಟಿನಲ್ಲಿ ಕೂತಿದ್ದಾಗ ಒಂದು ಸಂಗತಿ ಚುಚ್ಚುತ್ತಿತ್ತು. ಘನವಸ್ತುವನ್ನು ಬಿಡಿಸಿ ಚಪ್ಪಟೆ ಮಾಡುವ ಈ ಕೆಲಸಕ್ಕೆ ನಮ್ಮ ಮೊದಲ ಸೆಮಿಸ್ಟರಿನ ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಒಂದು ಇಡೀ ಅಧ್ಯಾಯವೇ ಇದೆ, ‘ಡೆವಲಪ್‌ಮೆಂಟ್ ಆಫ್ ಸರ್ಫೇಸಸ್’. ಅದೇ ಪೇಪರಿನಲ್ಲಿ ನಾನು ಫೇಲ್. ಪಿಯುಸಿಯಲ್ಲಿ ಶೇ 91 ತೆಗೆದ ಹುಡುಗ ಡ್ರಾಯಿಂಗ್‌ನಲ್ಲಿ ಬ್ಯಾಕ್ ಇಟ್ಟುಕೊಂಡಿದ್ದಾನೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫಲಿತಾಂಶ ಬಂದ ದಿನ ಅಮ್ಮನಿಗೆ ‘ಎಲ್ಲಾ ಪಾಸ್’ ಅಂದಿದ್ದೆ. ಅಮ್ಮ ಅವತ್ತು ಕೇಸರಿಬಾತ್ ಮಾಡಿದ್ದಳು. ಅದನ್ನು ತಿಂದೆ ಕೂಡ.

ಓದಿರಲಿಲ್ಲ ಅಂತಲ್ಲ. ಹಳೆಯ ಪ್ರಶ್ನೆಪತ್ರಿಕೆಯ ಉತ್ತರಗಳನ್ನು ಗೆರೆಗೆ ಗೆರೆ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಪ್ರಿಸಂ ಅನ್ನು ಬೇರೆ ಕೋನದಲ್ಲಿ ಕತ್ತರಿಸಿ ಕೊಟ್ಟಿದ್ದರು. ನಾನು ಮಾತ್ರ ಬಾಯಿಪಾಠ ಮಾಡಿದ್ದನ್ನೇ ಬಿಡಿಸಿ ಬಂದಿದ್ದೆ.

ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ತಪ್ಪು ಅಂಚಿಗೆ ಅಂಟಿಸಿದರೆ ಅದು ಎದುರಿಗೇ ಬಾಯಿಬಿಟ್ಟುಕೊಂಡು ನಿಲ್ಲುತ್ತದೆ. ಈ ಹೆಲ್ಮೆಟ್ ಯಾಕೆ ಇಷ್ಟು ಸಣ್ಣಸಣ್ಣ ತ್ರಿಕೋನಗಳಾಗಿದೆ, ನುಣ್ಣಗೆ ಗುಂಡಗೆ ಯಾಕಿಲ್ಲ ಎಂದು ಹುಡುಕುತ್ತಾ ಹೋದಾಗ ಗೌಸ್ ಸಿಕ್ಕ. 1827ರಲ್ಲೇ ಆತ ಸಾಧಿಸಿ ತೋರಿಸಿದ ಪ್ರಮೇಯದಿಂದ ಗೊತ್ತಾಗುವುದಿಷ್ಟು: ಕಾಗದವನ್ನು ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಗೋಳ ಮಾಡಲಾಗದು. ಕೊಳವೆ, ಶಂಕು ಮಾಡಬಹುದು. ಗೋಳ ಆಗದು. ಕಿತ್ತಳೆ ಸಿಪ್ಪೆಯನ್ನು ಟೇಬಲ್ ಮೇಲೆ ಒತ್ತಿ ನೋಡಿ, ಬದಿಗಳು ಹರಿಯುತ್ತವೆ. ಹಾಗಾಗಿ ಗುಂಡನೆಯ ಬುರುಡೆಯನ್ನು ಚಪ್ಪಟೆ ಮುಖಗಳಾಗಿ ಒಡೆದುಕೊಳ್ಳಬೇಕು. ಮುಖಗಳು ಹೆಚ್ಚಿದಷ್ಟೂ ನುಣುಪು, ನಮ್ಮ ಬೆರಳಿಗೆ ಅಷ್ಟೇ ಕಷ್ಟ.

ಇನ್ನೂ ಮಜಾ ಎಂದರೆ, ಘನಾಕೃತಿಗಳನ್ನು ಹೀಗೆ ಬಿಡಿಸಿದ ಚಿತ್ರಗಳನ್ನು ಜರ್ಮನಿಯ ಕಲಾವಿದ ಡ್ಯೂರರ್ 1525ರಲ್ಲೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಒಳಗುಳಿ ಇಲ್ಲದ, ಚಪ್ಪಟೆ ಮುಖಗಳ ಯಾವುದೇ ಘನವನ್ನು ಅಂಚುಗಳಲ್ಲಷ್ಟೇ ಕತ್ತರಿಸಿ, ಒಂದರ ಮೇಲೊಂದು ಬೀಳದಂತೆ ಒಂದೇ ತುಂಡಾಗಿ ಬಿಡಿಸಲು ಯಾವಾಗಲೂ ಸಾಧ್ಯವೇ ಎಂಬ ಪ್ರಶ್ನೆಗೆ ಗಣಿತಜ್ಞರಿಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ನನಗೆ ಸಿಗದಿದ್ದುದರಲ್ಲಿ ಆಶ್ಚರ್ಯವೇನು ಎಂದು ಸ್ವಲ್ಪ ಸಮಾಧಾನ ಮಾಡಿಕೊಂಡೆ. ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದು ಅಷ್ಟು ದೊಡ್ಡದಲ್ಲ, ಅದು ಬೇರೆ ಮಾತು.

ಇದನ್ನೆಲ್ಲ ಮಾವನಿಗೆ ಹೇಳಿದಾಗ ಆತ ಕೇಳಿಸಿಕೊಂಡನೋ ಇಲ್ಲವೋ. ‘ಕಾಗದ ಹಿಗ್ಗಲ್ಲ, ಆದ್ರೆ ತಗಡು ಹಿಗ್ತದೆ. ಅದಕ್ಕೇ ಅಲ್ವೇನೋ ನಾವು ಬಡಿಯೋದು’ ಅಂದ. ಕಾರಿನ ಉಬ್ಬಿದ ಮಡ್‌ಗಾರ್ಡನ್ನು ಸುತ್ತಿಗೆಯಿಂದ ಬಡಿದು ಸರಿ ಮಾಡುವುದು ಗೌಸ್‌ನ ಷರತ್ತನ್ನು ಮುರಿಯುವ ಕೆಲಸ ಎಂದು ನನಗೆ ಹೊಳೆದದ್ದೇ ಆಗ.

ಅವತ್ತೇ ಸಂಜೆ ಲಾರಿ ಡ್ರೈವರ್ ಒಬ್ಬರು ಆಯಿಲ್ ಹಾಕಲು ತಗಡಿನ ಆಲಿಕೆ ಕೇಳಿದರು. ಬಾಯಿ ಎಂಟಿಂಚು ಅಗಲ, ಓರೆ ಒಂದಡಿ. ಮಾವ ದಾರಕ್ಕೆ ಮೊಳೆ ಕಟ್ಟಿ ತಗಡಿನ ಮೇಲೆ ಒಂದಡಿ ತ್ರಿಜ್ಯದ ವೃತ್ತ ಗೀರಿದ. ‘ಇದರಾಗೆ ಮೂರರಲ್ಲಿ ಒಂದು ಪಾಲು ಸಾಕು’ ಎಂದು, ಬೆಸುಗೆಗೆ ಕಾಲಿಂಚು ಹೆಚ್ಚು ಬಿಟ್ಟು ಕತ್ತರಿಸಿ, ಸುತ್ತಿ, ತುದಿ ಕತ್ತರಿಸಿ ಕೊಳವೆ ಕೂರಿಸಿದ. ಹತ್ತು ನಿಮಿಷ ಕೂಡ ಹಿಡಿಯಲಿಲ್ಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಾಯಿಯ ತ್ರಿಜ್ಯ ನಾಲ್ಕು, ಓರೆ ಹನ್ನೆರಡು. 360ನ್ನು ನಾಲ್ಕರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ 120 ಡಿಗ್ರಿ. ಸರಿಯಾಗಿ ಮೂರರಲ್ಲಿ ಒಂದು ಪಾಲು!

‘ಇದನ್ನೆಲ್ಲ ನಿಮಗೆ ಕಾಲೇಜಲ್ಲಿ ಕಲಿಸ್ತಾರಾ?’

‘ಕಲಿಸ್ತಾರೆ ಮಾವ. ಅದರಲ್ಲೇ ನಾನು ಫೇಲು.’

ಬಾಯಿ ತಪ್ಪಿ ಬಂದುಬಿಟ್ಟಿತು. ಮಾವ ಕತ್ತರಿ ಕೆಳಗಿಟ್ಟ. ಬೈಯಲಿಲ್ಲ. ‘ಅಕ್ಕಂಗೆ ಗೊತ್ತಾ?’ ಅಂದ. ಇಲ್ಲ ಅಂದೆ. ‘ನಾ ಹೇಳಲ್ಲ. ನೀನೇ ಹೇಳು. ಇವತ್ತೇ ಹೇಳು.’

ರಾತ್ರಿ ಫೋನ್ ಮಾಡಿದೆ. ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಮತ್ತೆ ಬರೆಯೋಕೆ ಎಷ್ಟು ಕಟ್ಟಬೇಕು?’ ಎಂದಷ್ಟೇ ಕೇಳಿದಳು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ಮರುದಿನದಿಂದ ಮಾವ ನನ್ನ ‘ಕಿರೀಟ’ದ ಕೆಲಸಕ್ಕೆ ತಾನೂ ಕೈ ಹಾಕಿದ. ಒಳ್ಳೆಯದೇ ಆಯಿತು. ಕಾಗದದ ಹೆಲ್ಮೆಟ್ ಗಟ್ಟಿಯಾಗಲು ಹೊರಗಿನಿಂದ ಪಾಲಿಯೆಸ್ಟರ್ ರೆಸಿನ್ ಬಳಿಯಬೇಕು, ಒಳಗೆ ಫೈಬರ್ ಮ್ಯಾಟ್ ಹಾಕಬೇಕು, ಆಮೇಲೆ ಪುಟ್ಟಿ ಮೆತ್ತಿ ಉಜ್ಜಬೇಕು. ಇವೆಲ್ಲ ಟಿಂಕರಿಂಗ್ ಶಾಪಿನ ದಿನನಿತ್ಯದ ಸಾಮಾನು. ರೆಸಿನ್ ಬಳಿದ ಕೂಡಲೇ ಕಾಗದ ನೆನೆದು ಮೆತ್ತಗಾಗಿ ಕುಸಿಯುತ್ತದೆ. ಹಾಗಾಗಿ ಮೊದಲೇ ಒಳಗೆ ಕಡ್ಡಿಗಳನ್ನು ಅಡ್ಡ ಕೊಟ್ಟು, ತೆಳ್ಳಗೆ ಬಳಿಯಬೇಕು. ಇದನ್ನು ಮಾವ ಹೇಳುವಷ್ಟರಲ್ಲಿ ನನ್ನ ಹೆಲ್ಮೆಟ್ಟಿನ ಎಡಗೆನ್ನೆ ಒಳಗೆ ಹೋಗಿಯಾಗಿತ್ತು. ಈಗಲೂ ಗಮನಿಸಿ ನೋಡಿದರೆ ಹಲ್ಲುನೋವು ಬಂದವನ ಹಾಗೆ ಕಾಣುತ್ತದೆ.

ಮಾಡಲು ಹೊರಡುವವರು ಒಂದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮಲ್ಲಿ ರೆಸಿನ್ ಕೊಂಡರೆ ಎಷ್ಟೋ ಸಲ ಜೊತೆಗೆ ಕೋಬಾಲ್ಟ್ ಒಂದು ಬಾಟಲಿ, ಹಾರ್ಡನರ್ ಇನ್ನೊಂದು ಬಾಟಲಿ ಕೊಡುತ್ತಾರೆ. ಆ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡನರ್. ಅದೂ ನೂರಕ್ಕೆ ಒಂದೋ ಎರಡೋ ಪಾಲು. ಬಿಸಿಲು ಜೋರಾಗಿದ್ದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಕುತ್ತು, ಕನ್ನಡಕ ಬೇಕೇ ಬೇಕು. ವಾಸನೆಗೆ ಕರ್ಚೀಫು, ಬಟ್ಟೆಯ ಮಾಸ್ಕು ಸಾಲದು, ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕೇ ಬೇಕು. ಹಾಸ್ಟೆಲ್ ರೂಮಿನಲ್ಲಂತೂ ಬೇಡವೇ ಬೇಡ, ಗಾಳಿಯಾಡುವ ಬಯಲಲ್ಲಿ ಮಾಡಿ. ಇಷ್ಟೆಲ್ಲ ಬೇಡ ಅನಿಸಿದರೆ ರೆಸಿನ್ ಬಿಟ್ಟು, ಫೋಮ್ ಶೀಟಿನಲ್ಲಿ ಇದೇ ಟೆಂಪ್ಲೇಟ್ ಇಟ್ಟು ಕತ್ತರಿಸಿದರೂ ಕವಚವಾಗುತ್ತದೆ.

ಪುಟ್ಟಿ ಉಜ್ಜುವುದು ಬೇಸರದ ಕೆಲಸ, ಹೆಚ್ಚು ಹೇಳುವುದಿಲ್ಲ. ವಾಟರ್ ಪೇಪರಿನಲ್ಲಿ ನಾಲ್ಕು ದಿನ ಉಜ್ಜಿದೆ. ಮಾವ ಕಣ್ಣು ಮುಚ್ಚಿಕೊಂಡು ಅಂಗೈಯಿಂದ ಸವರಿ, ‘ಇಲ್ಲಿ ಉಬ್ಬೈತೆ’ ಎನ್ನುತ್ತಿದ್ದ. ಕಣ್ಣಿಗೆ ಕಾಣದ್ದು ಆತನ ಅಂಗೈಗೆ ಸಿಗುತ್ತಿತ್ತು. ಯಾರದೋ ಜೀಪಿಗೆಂದು ತಂದು ಉಳಿದಿದ್ದ ಹಸಿರು ಬಣ್ಣ ಹೊಡೆದೆವು. ಮುಖಕ್ಕೆ ಬೈಕ್ ಹೆಲ್ಮೆಟಿನ ಹಳೆಯ ಗಾಜು, ಅದರ ಮೇಲೆ ಬಂಗಾರ ಬಣ್ಣದ ಫಿಲ್ಮ್. ಕಾಗದ, ಪ್ರಿಂಟು, ರೆಸಿನ್ ಎಲ್ಲ ಸೇರಿ ಹೆಲ್ಮೆಟ್ ಒಂದಕ್ಕೇ 2,100 ರೂಪಾಯಿ ಆಯಿತು. ಪುಟ್ಟಿ, ಬಣ್ಣ ಮಾವನ ಲೆಕ್ಕಕ್ಕೆ.

ಡ್ರಾಯಿಂಗ್ ಮತ್ತೆ ಬರೆದೆ. ಈ ಸಲ ಉತ್ತರ ಓದಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳ ಪ್ರತಿ ಪಿರಮಿಡ್ಡನ್ನೂ, ಪ್ರಿಸಂ ಅನ್ನೂ ಉಳಿದ ಕಾರ್ಡ್ ಶೀಟಿನಲ್ಲಿ ಕತ್ತರಿಸಿ, ಮಡಚಿ ನೋಡಿದೆ. ಮುಚ್ಚಿಕೊಳ್ಳದಿದ್ದರೆ ನನ್ನ ಚಿತ್ರ ತಪ್ಪು. ಅಷ್ಟೇ ಪರೀಕ್ಷೆ. 71 ಅಂಕ ಬಂತು. ಡಿಸ್ಟಿಂಕ್ಷನ್ ಏನಲ್ಲ. ಅಮ್ಮನಿಗೆ ಈ ಸಲ ಮಾರ್ಕ್ಸ್ ಕಾರ್ಡಿನ ಫೋಟೊವನ್ನೇ ಕಳಿಸಿದೆ. ಒಮ್ಮೆ ‘ಎಲ್ಲಾ ಪಾಸ್’ ಅಂದವನ ಮಾತನ್ನು ಯಾರು ನಂಬುತ್ತಾರೆ?

ಕಳೆದ ತಿಂಗಳು ಒಂದು ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಹವ್ಯಾಸದ ಸಾಲು ನೋಡಿ ‘ಏನಿದು ಪೇಪರ್ ಆರ್ಮರ್?’ ಎಂದು ಕೇಳಿದರು. ಫೋಟೊ ತೋರಿಸಿದೆ. ಎಡಗೆನ್ನೆ ಯಾಕೆ ಒಳಗೆ ಹೋಗಿದೆ ಎಂದರು! ರೆಸಿನ್, ಕಡ್ಡಿ, ಶೇ 3ರ ಕತೆ ಎಲ್ಲ ಹೇಳಿದೆ. ಬೇರೆ ಯಾವ ಪ್ರಶ್ನೆಗೂ ನಾನು ಅಷ್ಟು ಸಲೀಸಾಗಿ ಉತ್ತರಿಸಿರಲಿಲ್ಲ. ಕೆಲಸ ಸಿಗಲಿಲ್ಲ. ಅವರಿಗೆ ಕೋಡಿಂಗ್ ಬಲ್ಲವರು ಬೇಕಿತ್ತು.

ಎದೆ, ಭುಜ, ಎರಡೂ ಕೈಗಳ ಕವಚ ಈಗ ಮುಗಿದಿದೆ. ಕಾಲಿನ ಹಾಳೆಗಳು ಪ್ರಿಂಟ್ ಆಗಿ ಬಿದ್ದಿವೆ (ಅಳೆದಿದ್ದೇನೆ). ಹೋದ ಹಬ್ಬಕ್ಕೆ ದಾವಣಗೆರೆಗೆ ಹೋದಾಗ ಮಾವ ಶಾಪಿನಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ. ಹುಡುಗರೆಲ್ಲ ಮೊಬೈಲ್ ಹಿಡಿದು ಫೋಟೊ ತೆಗೆಯುತ್ತಿದ್ದರು. ಎರಡೇ ನಿಮಿಷಕ್ಕೆ ಗಾಜಿನ ಒಳಗೆಲ್ಲ ಉಸಿರಿನ ಮಂಜು ಕವಿದು, ಮಾವ ಕೈ ಚಾಚಿ ತಡಕಾಡುತ್ತಾ, ‘ಲೇ ಅಳಿಯ, ಇದರಾಗೆ ಉಸಿರಾಡೋದು ಹೆಂಗೆ ಅಂತ ಯೋಚನೆ ಮಾಡಿದೀಯೇನಲೇ?’ ಎಂದು ಒಳಗಿನಿಂದ ಕೂಗಿದ. ಮಾಡಿರಲಿಲ್ಲ. ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಒಂದು ಪುಟ್ಟ ಫ್ಯಾನ್ ನನ್ನ ಬಳಿ ಇದೆ. ಅದನ್ನು ಗಲ್ಲದ ಹತ್ತಿರ ಕೂರಿಸಬಹುದೇ ಎಂದು ಈಗ ಅಳತೆ ತೆಗೆಯುತ್ತಿದ್ದೇನೆ.